ವಾಹನವಿಲ್ಲದ ದ್ವೀಪಕ್ಕೆ ಹೊರಡುವ ಮುನ್ನ ತಿಥಿ ನೋಡಿ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗಳು ಮಿಶಿಗನ್ ರಾಜ್ಯದ ಮ್ಯಾಕಿನಾ ದ್ವೀಪಕ್ಕೆ ಹೋಗಿ ಬಂದ ಚಿತ್ರಗಳನ್ನು ಕಳುಹಿಸಿದ್ದಳು. ಅಲ್ಲಿ ಕಾರು, ಬೈಕು ಒಂದೂ ಇಲ್ಲವಂತೆ. ಕುದುರೆಗಾಡಿ ಮತ್ತು ಸೈಕಲ್ ಮಾತ್ರವಂತೆ. ಅಂಥ ದ್ವೀಪ ನಮ್ಮ ಆಸುಪಾಸಿನಲ್ಲಿ ಇದೆಯೇ? ಜನವರಿಯ ಒಂದು ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿಯೊಳಗೆ ಮನೆ ಸೇರುವಂತಿರಬೇಕು. ಜೊತೆಯಲ್ಲಿ 72 ವರ್ಷದ ಅತ್ತೆಯವರು ಇರುತ್ತಾರೆ, ಅವರಿಗೆ ಮೊಣಕಾಲು ನೋವು. ಮಕ್ಕಳಿಗೆ 8 ಮತ್ತು 12 ವರ್ಷ. ನಾವು ಸಸ್ಯಾಹಾರಿಗಳು.

ಉತ್ತರ: ನಿಮ್ಮ ಅಣ್ಣನ ಮಗಳು ನೋಡಿದ ದ್ವೀಪದಲ್ಲಿ ಮೋಟಾರು ವಾಹನಗಳನ್ನು ಅಲ್ಲಿನ ಊರವರು 1898ರಲ್ಲಿಯೇ ನಿಷೇಧಿಸಿದರು. ಕುದುರೆಗಳು ಬೆದರುತ್ತವೆ ಎಂಬ ದೂರಿನಿಂದ ಹುಟ್ಟಿದ ಆ ಕಟ್ಟಳೆ ಇಂದಿಗೂ ನಡೆದುಕೊಂಡು ಬಂದಿದೆ. ದ್ವೀಪವನ್ನು ಸುತ್ತುವ ಸುಮಾರು 13 ಕಿಲೋಮೀಟರ್ ರಸ್ತೆ ರಾಜ್ಯ ಹೆದ್ದಾರಿಯೇ ಆಗಿದ್ದರೂ ಅದರಲ್ಲಿ ಓಡಾಡುವುದು ಸೈಕಲ್, ಕುದುರೆ ಮತ್ತು ಕಾಲ್ನಡಿಗೆಯವರು. ನಮ್ಮ ದೇಶದಲ್ಲಿ ಈ ಬಗೆಯ ಕಟ್ಟಳೆಗೆ ಹೆಸರಾದದ್ದು ಮಹಾರಾಷ್ಟ್ರದ ಮಾಥೇರಾನ್. ಆದರೆ ಅದು ಬೆಟ್ಟದ ಊರು, ದ್ವೀಪವಲ್ಲ, ನಿಮ್ಮ ಎರಡು ದಿನಗಳ ಲೆಕ್ಕಕ್ಕೆ ಅದು ಸಿಗುವುದೂ ಇಲ್ಲ. ನಮ್ಮ ಕರಾವಳಿಯಲ್ಲಿ ಕಾರಿಲ್ಲದ ಜಾಗಗಳು ಇರುವುದು ಕಟ್ಟಳೆಯಿಂದಲ್ಲ, ನೀರಿನಿಂದ. ಸೇತುವೆ ಬಾರದಿರುವಲ್ಲಿ ಕಾರು ಇಲ್ಲ, ಸೇತುವೆ ಬಂದ ಮರುದಿನ ಆಟೋ ಬರುತ್ತದೆ. ಈ ವ್ಯತ್ಯಾಸವನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ನಿಮ್ಮ ಯೋಜನೆ ಸುಲಭವಾಗುತ್ತದೆ, ಏಕೆಂದರೆ ಇಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ದ್ವೀಪ ಎಷ್ಟು ಚೆಂದವಿದೆ ಎಂಬುದಲ್ಲ. ನೀರನ್ನು ಹೇಗೆ, ಯಾವ ಹೊತ್ತಿಗೆ ದಾಟುತ್ತೇವೆ ಮತ್ತು ರಾತ್ರಿ ಎಲ್ಲಿ ಮಲಗುತ್ತೇವೆ ಎಂಬುದು.

ಬದಿಯಡ್ಕದಿಂದ ಅರ್ಧ ದಿನದೊಳಗೆ ತಲುಪಬಲ್ಲ ಜಾಗಗಳಲ್ಲಿ ನಾನು ಗಂಭೀರವಾಗಿ ಪರಿಗಣಿಸುವುದು ಎರಡನ್ನು: ಉತ್ತರಕ್ಕೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು, ದಕ್ಷಿಣಕ್ಕೆ ನಮ್ಮದೇ ಜಿಲ್ಲೆಯ ವಲಿಯಪರಂಬ ಮತ್ತು ಕವ್ವಾಯಿ ಹಿನ್ನೀರು. ಒಂದೇ ವಾರಾಂತ್ಯಕ್ಕೆ ಎರಡನ್ನೂ ಪೋಣಿಸಲು ಹೋಗಬೇಡಿ.

ಸೇಂಟ್ ಮೇರೀಸ್‌ನಲ್ಲಿ ಮನೆಯಿಲ್ಲ, ರಸ್ತೆಯಿಲ್ಲ, ವಾಹನವಂತೂ ಇಲ್ಲವೇ ಇಲ್ಲ. ತೋನ್ಸೆಪಾರ್ ಎಂಬ ಹೆಸರೂ ಅದಕ್ಕಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟನೆಂಬುದು ಪ್ರತೀತಿ, ಇಂಗ್ಲಿಷ್ ಹೆಸರು ಬಂದದ್ದು ಆ ಕತೆಯಿಂದ. ನನ್ನ ಮಟ್ಟಿಗೆ ಅಲ್ಲಿಗೆ ಹೋಗಲು ಇರುವ ನಿಜವಾದ ಕಾರಣ ಅಲ್ಲಿನ ಕಲ್ಲು. ಭೂಮಿಯೊಳಗಿಂದ ಉಕ್ಕಿದ ಲಾವಾ ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ, ಆ ಬಿರುಕುಗಳು ಒಂದನ್ನೊಂದು ಸಂಧಿಸಿ ಐದು, ಆರು, ಏಳು ಮುಖಗಳ ಕಂಬಗಳಾಗಿ ಕೆಳಗಿಳಿಯುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಚಟುವಟಿಕೆಗೆ ಈ ಕಂಬಗಳನ್ನು ಭೂವಿಜ್ಞಾನಿಗಳು ಜೋಡಿಸುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಎಷ್ಟೋ ಕಡೆ ಇದನ್ನು ಬಸಾಲ್ಟ್ ಎಂದು ಬರೆದಿರುತ್ತಾರೆ, ಅದು ಸರಿಯಲ್ಲ; ಇದು ರಯೋಲೈಟ್ ಜಾತಿಯ, ಸಿಲಿಕಾ ಹೆಚ್ಚಿರುವ ಕಲ್ಲು. ನಿಮ್ಮ ಹನ್ನೆರಡರ ಮಗುವನ್ನು ಒಂದು ಕಂಬದ ತಲೆಯ ಮೇಲೆ ಅಂಗೈ ಇಡಲು ಹೇಳಿ. ನಮ್ಮ ಮನೆಯಂಗಳಕ್ಕೆ ಹಾಸುವ ಇಂಟರ್‌ಲಾಕ್ ಹೆಂಚಿನ ಹಾಗೆ ಪಕ್ಕದ ಕಂಬ ಕೂದಲೆಳೆಯ ಸಂದು ಬಿಟ್ಟು ಕೂತಿರುತ್ತದೆ, ಆ ಸಂದಿನಲ್ಲಿ ಒಣಗಿದ ಉಪ್ಪು ಬೆಳ್ಳಗೆ ಕಾಣುತ್ತದೆ. ಮಡಗಾಸ್ಕರ್‌ನ ಮಾತನ್ನು ಆ ಹೊತ್ತಿಗೆ ಹೇಳಿದರೆ ಪಾಠದಲ್ಲಿ ಓದಿದ್ದಕ್ಕಿಂತ ಗಟ್ಟಿಯಾಗಿ ನೆನಪಿನಲ್ಲಿ ಉಳಿಯುತ್ತದೆ. ಶಾಲಾ ಮಕ್ಕಳೊಂದಿಗೆ ಹೋದಾಗಲೆಲ್ಲ ನಾನು ಇದನ್ನು ಕಂಡಿದ್ದೇನೆ.

ಆದರೂ ಅತ್ತೆಯವರನ್ನು ಕರೆದುಕೊಂಡು ಹೋಗುವ ಈ ಪ್ರವಾಸಕ್ಕೆ ಸೇಂಟ್ ಮೇರೀಸ್ ಬೇಡ ಎಂದೇ ನನ್ನ ಸಲಹೆ. ಅಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ, ಆದ್ದರಿಂದ ಅದು ಕೆಲವು ಗಂಟೆಗಳ ಭೇಟಿ ಮಾತ್ರ. ವಾಸ್ತವ್ಯ ಮಲ್ಪೆಯಲ್ಲೋ ಉಡುಪಿಯಲ್ಲೋ ಆಗಬೇಕು, ಅಲ್ಲಿ ವಾಹನಗಳಿಗೆ ಬರವಿಲ್ಲ. ದೋಣಿ ಹತ್ತುವಾಗ ಮತ್ತು ಇಳಿಯುವಾಗ ಅಂಚನ್ನು ದಾಟಬೇಕು, ಕೆಲವು ಸಲ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಬದಲಾಯಿಸಬೇಕಾಗುತ್ತದೆ. ದ್ವೀಪದಲ್ಲಿ ತೆಂಗಿನ ಮರಗಳ ಕೆಳಗೆ ಬಿಟ್ಟರೆ ನೆರಳು ಕಡಿಮೆ, ಕಾಲಡಿಯಲ್ಲಿ ಮರಳಿಗಿಂತ ಕಲ್ಲು ಮತ್ತು ಚಿಪ್ಪುಗಳೇ ಹೆಚ್ಚು. ಮಕ್ಕಳನ್ನು ಮಾತ್ರ ಕರೆದುಕೊಂಡು ಇನ್ನೊಮ್ಮೆ ಹೋಗುವಿರಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ, ಬೆಳಗಿನ ಮೊದಲ ದೋಣಿಗೇ ಹೋಗಿ. ಬಿಸಿಲೇರಿದಂತೆ ಕಡಲಗಾಳಿ ಬಲವಾಗುತ್ತದೆ, ಮಧ್ಯಾಹ್ನದ ಮೇಲಿನ ಮರುಪ್ರಯಾಣದಲ್ಲಿ ದೋಣಿ ಹೆಚ್ಚು ಓಲಾಡುತ್ತದೆ. ಮಳೆಗಾಲದಲ್ಲಿ ದೋಣಿಗಳು ನಿಂತಿರುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಗಾಳಿಯೇ ಇಲ್ಲದ ದಿನದಲ್ಲಿಯೂ ದಕ್ಷಿಣ ಮಹಾಸಾಗರದಲ್ಲಿ ಎದ್ದ ದೂರದ ಅಲೆಗಳು ಬಂದು ತೀರಕ್ಕೆ ಅಪ್ಪಳಿಸುವುದುಂಟು. ಮಲಯಾಳದ ಮೀನುಗಾರರು ಇದಕ್ಕೆ ಇಟ್ಟ ‘ಕಳ್ಳಕ್ಕಡಲ್’ ಎಂಬ ಹೆಸರನ್ನೇ ಇಂದು ಜಗತ್ತಿನ ವಿಜ್ಞಾನಿಗಳೂ ಬಳಸುತ್ತಾರೆ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆಯಿರುವ ದಿನ ಯಾರು ಎಷ್ಟೇ ಧೈರ್ಯ ಹೇಳಿದರೂ ಹೋಗಬಾರದು.

ಉತ್ತರದ ಕಡೆ ನಿಮ್ಮ ಆಸೆಗೆ ಇನ್ನೂ ಹತ್ತಿರವಾದವು ಕುದ್ರುಗಳು, ಅಂದರೆ ನದಿಯೊಳಗಿನ ಸಣ್ಣ ದ್ವೀಪಗಳು. ಉದಾಹರಣೆಗೆ ಮಂಗಳೂರಿನ ಬಳಿ ನೇತ್ರಾವತಿಯ ನಡುವಿನ ಪಾವೂರು ಉಳಿಯ. ಮಳೆಗಾಲದಲ್ಲಿ ದೋಣಿ, ಬೇಸಗೆಯಲ್ಲಿ ಅಲ್ಲಿನ ಜನರೇ ಪ್ರತಿವರ್ಷ ಕಟ್ಟಿಕೊಳ್ಳುವ ಕಾಲುಸಂಕ, ಇಷ್ಟೇ ಅವರ ದಾರಿ. ಕಾರಿಲ್ಲದ ದ್ವೀಪ ಎಂದರೆ ಅಕ್ಷರಶಃ ಇದೇ. ಆದರೆ ನಾನು ಇದನ್ನು ಪ್ರವಾಸದ ಜಾಗವೆಂದು ಯಾರಿಗೂ ಸೂಚಿಸುವುದಿಲ್ಲ. ಹೆರಿಗೆ ನೋವಿನವರನ್ನು, ಎದೆನೋವಿನವರನ್ನು ರಾತ್ರಿಯಲ್ಲಿ ದೋಣಿಗೆ ಹತ್ತಿಸಿ ದಾಟಿಸಬೇಕಾದ ಜನರ ಅಂಗಳಕ್ಕೆ ಹೋಗಿ, ನಿಮ್ಮಲ್ಲಿ ವಾಹನವಿಲ್ಲದಿರುವುದು ಎಷ್ಟು ಸೊಗಸು ಎಂದು ಚಿತ್ರ ತೆಗೆದುಕೊಂಡು ಬರುವುದು ನನಗೆ ಸರಿಯೆನಿಸಿಲ್ಲ. ಮರಳುಗಾರಿಕೆಯಿಂದ ದಡ ಕುಸಿಯುತ್ತಿದೆಯೆಂದು ಅವರು ವರ್ಷಗಳಿಂದ ಹೇಳುತ್ತಿದ್ದಾರೆ. ಯಾರಾದರೂ ಕರೆದರೆ ನೆಂಟರಾಗಿ ಹೋಗಿ.

ಹಾಗಾಗಿ ನಾನು ನಿಮಗೆ ಹೇಳುವುದು ದಕ್ಷಿಣದ ದಾರಿ. ನೀಲೇಶ್ವರದಿಂದ ಕೆಳಗೆ ಪಯ್ಯನ್ನೂರಿನವರೆಗೆ ಕಡಲಿಗೂ ನೆಲಕ್ಕೂ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ನೀರೇ ಕವ್ವಾಯಿ ಕಾಯಲ್. ಅದರ ಪಶ್ಚಿಮದ ಗೋಡೆಯಂತೆ ಮಲಗಿರುವುದು ವಲಿಯಪರಂಬ, ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ. ಕೆಲವೆಡೆ ಅದು ಎಷ್ಟು ಕಿರಿದೆಂದರೆ ತೆಂಗಿನ ತೋಟದ ನಡುವೆ ನಿಂತರೆ ಎಡಗಿವಿಗೆ ಕಡಲಿನ ಮೊರೆತ, ಬಲಗಣ್ಣಿಗೆ ಹಿನ್ನೀರಿನ ಹೊಳಪು ಒಟ್ಟಿಗೇ ಸಿಗುತ್ತವೆ. ಬೆಳಗಿನ ಸೂರ್ಯ ಹಿನ್ನೀರಿನ ಕಡೆಯಿಂದ ಏಳುತ್ತಾನೆ, ಸಂಜೆ ಕಡಲಿನ ಕಡೆ ಇಳಿಯುತ್ತಾನೆ. ಎರಡನ್ನೂ ನೋಡಲು ಅತ್ತೆಯವರು ಒಂದು ತೋಟದ ಅಗಲ ನಡೆದರೆ ಸಾಕು. ಈ ಪಟ್ಟಿಯೇ ಒಂದು ಗ್ರಾಮ ಪಂಚಾಯತಿ, ಹೊಸದುರ್ಗ ತಾಲೂಕಿಗೆ ಸೇರಿದ್ದು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ವಲಿಯಪರಂಬಕ್ಕೆ ಸೇತುವೆ ಇದೆ, ಒಳಗೆ ರಸ್ತೆಯಿದೆ, ಆಟೋಗಳೂ ಬೈಕುಗಳೂ ಓಡಾಡುತ್ತವೆ. ಅದನ್ನು ಕಾರಿಲ್ಲದ ದ್ವೀಪ ಎಂದು ಕರೆದರೆ ಸುಳ್ಳಾಗುತ್ತದೆ. ಆದರೆ ಕಾಯಲಿನ ಒಳಗೆ ರಸ್ತೆಯೇ ಇಲ್ಲದ ಸಣ್ಣ ಸಣ್ಣ ತುರುತ್ತುಗಳಿವೆ, ನಾವು ಕುದ್ರು ಎನ್ನುವುದನ್ನೇ ಮಲಯಾಳದಲ್ಲಿ ತುರುತ್ತು ಎನ್ನುತ್ತಾರೆ. ನೀವು ಕಾರನ್ನು ಬದಿಯಡ್ಕದಲ್ಲಿಯೇ ಬಿಟ್ಟು, ರೈಲಿನಲ್ಲಿ ಬಂದು, ದೋಣಿಯಲ್ಲಿ ದಾಟಿ, ಹಿನ್ನೀರಿನ ಅಂಚಿನ ಮನೆವಾಸ್ತವ್ಯದಲ್ಲೋ ಹೌಸ್‌ಬೋಟಿನಲ್ಲೋ ಉಳಿದರೆ ಆ ಎರಡು ದಿನಗಳಲ್ಲಿ ನಿಮ್ಮ ಕಿವಿಗೆ ಹಾರ್ನ್ ಬೀಳುವುದು ತೀರ ಕಡಿಮೆ. ವಾಹನವಿಲ್ಲದ ಪ್ರವಾಸ ಬೇಕಾದರೆ ವಾಹನವಿಲ್ಲದೆ ಹೊರಡುವುದೇ ಅರ್ಧ ಕೆಲಸ. ಕಾರಿನಲ್ಲಿ ಬಂದವರು ಶನಿವಾರ ದೋಣಿ ಹತ್ತುವ ಕಡವಿನ ಬಳಿ ನೆರಳಿನ ಜಾಗ ಹುಡುಕುತ್ತಾ ಒಂದು ಗಂಟೆ, ಭಾನುವಾರ ಹೆದ್ದಾರಿಯಲ್ಲಿ ಎರಡು ಗಂಟೆ ಕಳೆದುಕೊಳ್ಳುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಈಗ ಮೊಣಕಾಲಿನ ವಿಷಯಕ್ಕೆ ಬರುತ್ತೇನೆ. ಈ ಪ್ರವಾಸದ ನಿಜವಾದ ಗಂಟು ಇಲ್ಲಿದೆ. ಕೆಲವು ವರ್ಷಗಳ ಹಿಂದೆ ಹಿರಿಯರ ಒಂದು ತಂಡವನ್ನು ನಾನು ಇದೇ ಹಿನ್ನೀರಿಗೆ ಕರೆದುಕೊಂಡು ಹೋಗಿದ್ದೆ. ಹತ್ತುವಾಗ ಕಡವಿನ ಕಟ್ಟೆಯೂ ದೋಣಿಯ ಅಂಚೂ ಸಮಸಮವಾಗಿದ್ದವು, ಎಲ್ಲರೂ ಜಗಲಿಯಿಂದ ಅಂಗಳಕ್ಕೆ ಇಳಿದಂತೆ ಸಲೀಸಾಗಿ ಹತ್ತಿದರು. ಮಧ್ಯಾಹ್ನದ ಮೇಲೆ ಇಳಿಯುವ ಹೊತ್ತಿಗೆ ನೀರು ಇಳಿದಿತ್ತು. ದೋಣಿ ಕಟ್ಟೆಗಿಂತ ಸೊಂಟದೆತ್ತರ ಕೆಳಗೆ ನಿಂತಿತ್ತು, ಕಟ್ಟೆಯ ಕಲ್ಲಿನಲ್ಲಿ ಬೆಳಿಗ್ಗೆ ಕಾಣದಿದ್ದ ಹಸಿರು ಪಾಚಿಯ ಪಟ್ಟಿ ಹೊರಬಿದ್ದಿತ್ತು. ಒಬ್ಬ ಅಜ್ಜಿ ಆ ಪಾಚಿಯನ್ನೇ ನೋಡುತ್ತಾ ಎಷ್ಟೋ ಹೊತ್ತು ಕೂತರು. ಕೊನೆಗೆ ಇಬ್ಬರು ದೋಣಿಯವರು ಕುರ್ಚಿಯ ಸಮೇತ ಅವರನ್ನು ಎತ್ತಿ ಮೇಲಿಟ್ಟರು; ಆ ದಿನ ಮತ್ತೆ ಅವರು ಯಾವ ದೋಣಿಗೂ ಕಾಲಿಡಲಿಲ್ಲ. ತಪ್ಪು ನನ್ನದು. ನಾನು ರೈಲಿನ ವೇಳೆ ನೋಡಿದ್ದೆ, ನೀರಿನ ವೇಳೆ ನೋಡಿರಲಿಲ್ಲ.

ಅಂದಿನಿಂದ ನಾನು ದಿನ ಗೊತ್ತುಮಾಡುವುದು ಪಂಚಾಂಗ ನೋಡಿಯೇ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಹಿಂದೆಮುಂದೆ, ಅದರಲ್ಲಿಯೂ ಆದ ಮೇಲಿನ ಒಂದೆರಡು ದಿನ, ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಉಬ್ಬರ ಇಳಿತಗಳ ನಡುವಿನ ಅಂತರ ಅತಿ ಹೆಚ್ಚಾಗಿರುತ್ತದೆ. ಎರಡೂ ಪಕ್ಷಗಳ ಅಷ್ಟಮಿಯಿಂದ ದಶಮಿಯವರೆಗೆ ಆ ಸೆಳೆತಗಳು ಅಡ್ಡಡ್ಡವಾಗಿ, ನೀರು ಏರುವುದೂ ಇಳಿಯುವುದೂ ಕಡಿಮೆಯಾಗುತ್ತದೆ. ಅತ್ತೆಯವರೊಂದಿಗೆ ಹೋಗುವ ನಿಮಗೆ ಬೇಕಾದದ್ದು ಅಷ್ಟಮಿಯ ಆಸುಪಾಸಿನ ಶನಿವಾರ. ಆಗ ಕಡವಿನ ಕಟ್ಟೆಗೂ ದೋಣಿಗೂ ಇರುವ ವ್ಯತ್ಯಾಸ ದಿನವಿಡೀ ಸಣ್ಣದಾಗಿರುತ್ತದೆ, ಇಳಿತದಲ್ಲಿ ಸಣ್ಣ ದೋಣಿ ಕೆಸರಿಗೆ ಕೂರುವ ಭಯವೂ ಕಡಿಮೆ. ಕಲ್ಲುಗಳ ನಡುವಿನ ನೀರಗುಂಡಿಗಳಲ್ಲಿ ಏಡಿ, ಶಂಖದ ಹುಳು ನೋಡಲು ಮಕ್ಕಳನ್ನು ಸೇಂಟ್ ಮೇರೀಸ್‌ಗೆ ಒಯ್ಯುವಾಗ ಮಾತ್ರ ಈ ಲೆಕ್ಕ ತಿರುಗುತ್ತದೆ, ಆಗ ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಇಳಿತವೇ ಬೇಕು. ಇನ್ನು ಗಂಟೆಯ ವಿಷಯ: ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನದಿಂದ ದಿನಕ್ಕೆ ಅದು 50 ನಿಮಿಷದಷ್ಟು ತಡವಾಗುತ್ತದೆ. ಕಡಲಿನ ಉಬ್ಬರ ಅಳಿವೆಯ ಮೂಲಕ ಹಿನ್ನೀರಿನ ಒಳಮೂಲೆಗೆ ತಲುಪಲು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದ್ದರಿಂದ ಬಂದರಿನ ಉಬ್ಬರ ಇಳಿತದ ಪಟ್ಟಿಯನ್ನು ನಂಬಿ ಕೂರುವುದಕ್ಕಿಂತ ಹಿಂದಿನ ದಿನ ದೋಣಿಯವರಿಗೇ ಫೋನು ಮಾಡಿ, ನಾಳೆ ‘ವೇಲಿಯೇಟ್ಟಂ’ ಎಷ್ಟು ಗಂಟೆಗೆ ಎಂದು ಕೇಳುವುದು ಒಳ್ಳೆಯದು. ಉಬ್ಬರಕ್ಕೆ ಅವರು ಹೇಳುವ ಮಾತು ಅದು. ಅತ್ತೆಯವರು ಹತ್ತುವುದೂ ಇಳಿಯುವುದೂ ಆ ಹೊತ್ತಿನ ಒಂದೂವರೆ ಗಂಟೆ ಹಿಂದೆಮುಂದೆ ಆಗುವಂತೆ ಉಳಿದ ಕಾರ್ಯಕ್ರಮವನ್ನು ಹೊಂದಿಸಿಕೊಳ್ಳಿ.

ದೋಣಿಯ ಬಗ್ಗೆ ಕಟ್ಟುನಿಟ್ಟಾಗಿರಿ. 2023ರ ಮೇ 7ರ ಸಂಜೆ ಮಲಪ್ಪುರ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನರನ್ನು ತುಂಬಿಕೊಂಡಿದ್ದ ಪ್ರವಾಸಿ ದೋಣಿಯೊಂದು ಮಗುಚಿ 22 ಮಂದಿ ತೀರಿಕೊಂಡರು, ಅವರಲ್ಲಿ ಅನೇಕರು ಮಕ್ಕಳು. ಹತ್ತುವ ಮೊದಲು ನೋಂದಣಿ ಸಂಖ್ಯೆಯೂ ಎಷ್ಟು ಜನರಿಗೆ ಅನುಮತಿ ಎಂಬ ಬರಹವೂ ಕಾಣುತ್ತವೆಯೇ ನೋಡಿ. ಮಕ್ಕಳ ಅಳತೆಯ ಜೀವರಕ್ಷಕ ಅಂಗಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ದೊಡ್ಡವರ ಅಂಗಿ ಎಂಟು ವರ್ಷದ ಮಗುವಿನ ಕುತ್ತಿಗೆಯಿಂದ ಮೇಲಕ್ಕೆ ಜಾರಿಹೋಗುತ್ತದೆ, ಅದು ಇದ್ದೂ ಇಲ್ಲದಂತೆ. ಕತ್ತಲಾದ ಮೇಲೆ ದೋಣಿ ಬೇಡವೇ ಬೇಡ. ಹೌಸ್‌ಬೋಟ್ ಆರಿಸಿಕೊಂಡರೆ ಸಂಜೆಗೆ ಅದನ್ನು ದಡಕ್ಕೆ ಕಟ್ಟಿ ನಿಲ್ಲಿಸುತ್ತಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ, ರಾತ್ರಿ ಹಿನ್ನೀರು ಬಲೆ ಹಾಕುವವರದ್ದು. ಆದರೆ ನಿಮ್ಮ ಸಂದರ್ಭದಲ್ಲಿ ನಾನು ಹೌಸ್‌ಬೋಟಿಗಿಂತ ಮನೆವಾಸ್ತವ್ಯವನ್ನೇ ಮೇಲೆನ್ನುತ್ತೇನೆ: ಅತ್ತೆಯವರಿಗೆ ರಾತ್ರಿ ಎದ್ದು ಹೋಗಲು ಓಲಾಡದ ನೆಲವಿರುತ್ತದೆ, ಮಕ್ಕಳಿಗೆ ಓಡಾಡಲು ಅಂಗಳವಿರುತ್ತದೆ. ಕೋಣೆ ನೆಲಮಟ್ಟದಲ್ಲಿದೆಯೇ, ಶೌಚಾಲಯ ಕುರ್ಚಿಯ ಬಗೆಯದೇ, ಕಡವಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ, ದಾರಿ ಮರಳೋ ಸಿಮೆಂಟೋ, ಇವನ್ನು ಕೇಳಿಯೇ ಕಾದಿರಿಸಿ. ಚಕ್ರದ ಪೆಟ್ಟಿಗೆ ಮರಳಿನಲ್ಲಿ ಉರುಳುವುದಿಲ್ಲ, ಹೆಗಲಿಗೆ ಹಾಕುವ ಚೀಲಗಳನ್ನೇ ತನ್ನಿ.

ಸಸ್ಯಾಹಾರದ ಬಗ್ಗೆ ಎರಡು ದಿನ ಮೊದಲೇ ಹೇಳಿಬಿಡಿ. ಹೇಳಿದರೆ ಕುಚ್ಚಲಕ್ಕಿ ಅನ್ನ, ಪುಳಿಶ್ಶೇರಿ, ತೋರನ್ ಎಲ್ಲವನ್ನೂ ಅಕ್ಕರೆಯಿಂದ ಮಾಡಿ ಬಡಿಸುತ್ತಾರೆ. ಹೇಳದೆ ಹೋದರೆ ಮೀನಿನ ಮನೆಯಲ್ಲಿ ಅವರಿಗೂ ಮುಜುಗರ, ನಿಮಗೂ ಮುಜುಗರ. ಕುಡಿಯುವ ನೀರನ್ನು ಒಯ್ಯಿರಿ, ಸ್ನಾನದ ನೀರನ್ನು ಹಿಡಿತದಲ್ಲಿ ಬಳಸಿರಿ. ಇದು ಬರಿಯ ಶಿಷ್ಟಾಚಾರವಲ್ಲ. ಮರಳಿನ ದ್ವೀಪದಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಒಂದು ಮಸೂರದಂತೆ ನಿಂತಿರುತ್ತದೆ. ಸಮುದ್ರಮಟ್ಟದಿಂದ ಮೇಲೆ ಒಂದಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆಂಬುದು ಜಲವಿಜ್ಞಾನದ ಸ್ಥೂಲ ಲೆಕ್ಕ. ಅಂದರೆ ಪಂಪಿನಿಂದ ಮೇಲಿನ ಒಂದಡಿ ಇಳಿಸಿದರೆ ಕೆಳಗಿನಿಂದ ಉಪ್ಪು 40 ಅಡಿ ಮೇಲೇರಲು ಹವಣಿಸುತ್ತದೆ. ಜನವರಿಯಲ್ಲಿ ನೀವು ಷವರ್ ಬಿಟ್ಟುಕೊಂಡು ನಿಂತದ್ದರ ರುಚಿ ಏಪ್ರಿಲ್‌ನಲ್ಲಿ ಆ ಮನೆಯವರ ಬಾವಿಯಲ್ಲಿ ಗೊತ್ತಾಗುತ್ತದೆ.

ಶನಿವಾರ ಬೆಳಿಗ್ಗೆ ಕಾಸರಗೋಡಿನಿಂದ ಪ್ಯಾಸೆಂಜರ್ ರೈಲು ಹಿಡಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ಚೆರುವತ್ತೂರು ಅಥವಾ ತ್ರಿಕರಿಪುರದಲ್ಲಿ ಇಳಿಯಬಹುದು. ಯಾವ ನಿಲ್ದಾಣ ಹತ್ತಿರವೆಂದು ನಿಮ್ಮ ಮನೆವಾಸ್ತವ್ಯದವರು ಹೇಳುತ್ತಾರೆ, ಅಲ್ಲಿಂದ ಕಡವಿಗೆ ಆಟೋ. ಬಿಸಿಲಿಗೆ ಮೊದಲು ನೀರು ದಾಟಿ, ಊಟ ಮಾಡಿ, ಅತ್ತೆಯವರನ್ನು ಮಲಗಲು ಬಿಡಿ. ನಾಲ್ಕು ಗಂಟೆಯ ಮೇಲೆ ಕಡಲಿನ ದಂಡೆಗೆ ಹೋಗಿ, ಆದರೆ ಮಕ್ಕಳನ್ನು ಅಲೆಗೆ ಇಳಿಸಬೇಡಿ. ಈ ದಂಡೆ ಕಡಿದಾಗಿ ಆಳಕ್ಕೆ ಇಳಿಯುತ್ತದೆ, ಕಾಯಲು ಜೀವರಕ್ಷಕರನ್ನು ಎಲ್ಲೆಡೆ ನಿರೀಕ್ಷಿಸುವಂತಿಲ್ಲ.

ಭಾನುವಾರದ ಬೆಳಗು ಹಿನ್ನೀರಿಗೆ ಮೀಸಲಿರಲಿ. ಜನವರಿಯಲ್ಲಿ ಪಡನ್ನದ ಕಡೆಯ ನೀರಿನಲ್ಲಿ ಬಿದಿರಿನ ಚಪ್ಪರಗಳು ಅರ್ಧ ಮುಳುಗಿ ನಿಂತಿರುವುದನ್ನು ಕಾಣುತ್ತೀರಿ. ಅದು ಪಚ್ಚಿಲೆ ಎಂಬ ತಿನ್ನುವ ಚಿಪ್ಪುಜೀವಿಯ ಕೃಷಿ, ಮಲಯಾಳದಲ್ಲಿ ಅದಕ್ಕೆ ಕಲ್ಲುಮ್ಮಕ್ಕಾಯ ಎನ್ನುತ್ತಾರೆ. ಮಳೆಗಾಲದ ನಂತರ ಕಡಲ ಬಂಡೆಗಳಿಂದ ಕಿತ್ತು ತಂದ ಉಗುರಿನಷ್ಟು ಮರಿಗಳನ್ನು ಹಗ್ಗದ ಸುತ್ತ ಹರಡಿ, ಮೇಲೆ ತೆಳುವಾದ ಹತ್ತಿಯ ಬಟ್ಟೆ ಸುತ್ತಿ ಹೊಲಿದು, ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತು ಉದುರುತ್ತದೆ, ಅಷ್ಟರೊಳಗೆ ಮರಿಗಳು ತಮ್ಮದೇ ನೂಲಿನಿಂದ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮಳೆ ಬಿದ್ದು ನೀರು ಸಪ್ಪೆಯಾಗುವ ಮೊದಲು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಹಗ್ಗವನ್ನೇ ಮೇಲೆಳೆದು ಕೊಯ್ಲು ಮಾಡುತ್ತಾರೆ. ಈ ಕೆಲಸದಲ್ಲಿ ಹೆಂಗಸರ ಗುಂಪುಗಳು ಬಹಳ ಇವೆ. ನೀವು ತಿನ್ನದವರಾದರೂ ಒಂದು ಹಗ್ಗವನ್ನು ಎತ್ತಿ ತೋರಿಸುವಿರಾ ಎಂದು ವಿನಯದಿಂದ ಕೇಳಿದರೆ ಮಕ್ಕಳಿಗೆ ತೋರಿಸದೆ ಇರುವವರು ಕಡಿಮೆ. ನೀರು ಸೋರುವ ಹಗ್ಗದ ಮೇಲೆ ಹಸಿರಂಚಿನ ಚಿಪ್ಪುಗಳು ಬಾಳೆಗೊನೆಯ ಹಾಗೆ ಒತ್ತಿಕೊಂಡಿರುತ್ತವೆ. ದಾರಿಯಲ್ಲಿ ಇಡಯಿಲಕ್ಕಾಡಿನ ನಾಗಬನ ಸಿಗುತ್ತದೆ. ಅಲ್ಲಿನ ಕಪಿಗಳಿಗೆ ಓಣಂ ಸಮಯದಲ್ಲಿ ಊರವರು ಎಲೆ ಹಾಕಿ ಬಡಿಸುತ್ತಾರೆ. ನೀವು ಹೋದಾಗ ಕೈಯಲ್ಲಿ ತಿಂಡಿಯ ಪೊಟ್ಟಣ ಕಾಣದಂತೆ ನೋಡಿಕೊಳ್ಳಿ.

ಮರಳುವ ರೈಲನ್ನು ಸಂಜೆಯ ಕೊನೆಯದಕ್ಕೆ ಇಟ್ಟುಕೊಳ್ಳದೆ ಅದರ ಹಿಂದಿನದಕ್ಕೆ ಇಟ್ಟುಕೊಳ್ಳಿ. ಭಾನುವಾರದ ಉಬ್ಬರ ಶನಿವಾರದ್ದಕ್ಕಿಂತ 50 ನಿಮಿಷ ತಡ ಎಂಬುದನ್ನು ಮರೆಯದೆ ದೋಣಿಯವರಿಗೆ ವೇಳೆ ಹೇಳಿ. ಅತ್ತೆಯವರನ್ನು ಮೊದಲು ಹತ್ತಿಸಿ, ದೋಣಿಯ ನಡುಭಾಗದಲ್ಲಿ, ಮುಖ ಮುಂದಕ್ಕಿರುವಂತೆ ಕೂರಿಸಿ, ಚೀಲಗಳು ಆಮೇಲೆ ಬರಲಿ.